ಅವ್ವ ಅಂಬಲಿ ಕೇಳ್ತಾಳೆ, ಕೊಡಲಾ?

ಪ್ರಶ್ನೆ: ಅವ್ವನಿಗೆ ಅಂಡಾಶಯದ ಕ್ಯಾನ್ಸರ್, ಕೊನೆಯ ಹಂತ. ಕರುಳು ಕಟ್ಟಿದೆ, ಆಪರೇಷನ್ ಆಗಲ್ಲ ಅಂದಿದ್ದಾರೆ. ದಿನಕ್ಕೆ ನಾಲ್ಕೈದು ಸಲ ವಾಂತಿ. ಆದರೂ ಜೋಳದ ಅಂಬಲಿ ಬೇಕಂತೆ.
– ಮಗಳು, ಆಳಂದ

ಉತ್ತರ: ಕೊಡಮ್ಮಾ. ಸೋಸಿದ ತಿಳಿ ಅಂಬಲಿ, ಎರಡೇ ಚಮಚ. ರುಚಿಯಾದರೂ ಸಿಗಲಿ. ಆಮೇಲೆ ವಾಂತಿಯಾದರೆ ಅದು ನಿನ್ನ ತಪ್ಪಲ್ಲ. ರೊಟ್ಟಿ ಬೇಡ. ಯಾರೋ ಹೇಳಿದರೆಂದು ಹರಳೆಣ್ಣೆಯಂತೂ ಬೇಡವೇ ಬೇಡ. ದಾರಿ ಮುಚ್ಚಿರುವಾಗ ಭೇದಿಯ ಔಷಧಿ ಹಾಕಿದರೆ ನೋವು ಜಾಸ್ತಿಯಾಗುತ್ತದೆ.

ಆಕ್ಟ್ರಿಯೊಟೈಡ್ ಬಗ್ಗೆ ನಿಮ್ಮ ಡಾಕ್ಟರನ್ನು ಕೇಳು. ಕರುಳೊಳಗೆ ನೀರು ಒಸರುವುದನ್ನು ತಗ್ಗಿಸುತ್ತದೆ, ವಾಂತಿ ಇಳಿಯಬಹುದು. ಕರುಳಿನ ಊತಕ್ಕೆ ಡೆಕ್ಸಾಮೆಥಾಸೋನ್, ನೋವಿಗೆ ಮಾರ್ಫಿನ್. ಮಾತ್ರೆ ಹೊಟ್ಟೇಲಿ ನಿಲ್ಲಲ್ಲ, ಅಲ್ವಾ? ಇವನ್ನು ಚರ್ಮದಡಿಯ ಸೂಜಿಯಲ್ಲೇ ಕೊಡಬಹುದು. ನಮ್ಮ ಕಲಬುರಗಿ ಬಿಸಿಲಿಗೆ ಬಾಯಿ ಬೇಗ ಒಣಗುತ್ತದೆ. ಐಸ್ ಚೂರು ಚೀಪಿಸು, ತುಟಿ ಒದ್ದೆ ಮಾಡುತ್ತಿರು.