ಆ ಬೂದು ಸಾಲಿನಿಂದಲೇ ಶುರು ಮಾಡಿ

ನಮಸ್ಕಾರ,

ನೀವು ಕುಮಟಾದಿಂದ ಕಳಿಸಿದ ಲೇಖನ ಪೂರ್ತಿ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ದಯವಿಟ್ಟು ತಿದ್ದಿ ಕಳಿಸಿ, ಈ ವಿಷಯ ನಮಗೆ ಬೇಕು.

ಮೊದಲ ಎರಡು ಪುಟದಲ್ಲಿ ಅಂಚೆಯ ಕಾಲ ಬಂತು, ಇಂಟರ್ನೆಟ್ ಬಂದ ಕಥೆ ಬಂತು, ದೇವಿಮನೆ ಘಟ್ಟದ ಮಳೆಯೂ ಬಂತು. ಅದೆಲ್ಲ ತೆಗೆಯಿರಿ. ಸೊಸೈಟಿಯ ಕಂಪ್ಯೂಟರಿನಲ್ಲಿ ರಾಶಿ ಹಳೇ ಮೇಲ್ ಅಳಿಸಿದಿರಿ, ಡಿಸ್ಕಿನಲ್ಲಿ ಜಾಗ ಮಾತ್ರ ಆಗಲಿಲ್ಲ, ಫೋಲ್ಡರ್ ಕಾಂಪ್ಯಾಕ್ಟ್ ಮಾಡೋಣ, ಅಂದರೆ ಅಳಿಸಿದ ಮೇಲ್‌ಗಳ ಜಾಗ ಬಿಡಿಸೋಣ ಅಂತ ಮೇಲ್ ಪ್ರೋಗ್ರಾಂನ ಫೈಲ್ ಮೆನು ತೆರೆದರೆ ಆ ಆಯ್ಕೆ ಒತ್ತಲು ಬಾರದ ಹಾಗೆ ಬೂದು ಬಣ್ಣದಲ್ಲಿ ಕೂತಿತ್ತು. ಅದೇ ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿದಾಗ ಅದೇ ಆಯ್ಕೆ ಸರಿಯಾಗಿ ಕೆಲಸ ಮಾಡಿತು. ಇದನ್ನು ನೀವು ಕೊನೆಯ ಪುಟದಲ್ಲಿ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ನಿಮ್ಮ ಲೇಖನ ಇರುವುದೇ ಆ ಸಾಲಿನಲ್ಲಿ.

ಯಾಕೆ ಅಂದರೆ, ಮೆನುವಿನಲ್ಲಿ ಒಂದು ಆಯ್ಕೆ ಬೂದಾಗಿದ್ದ ಮಾತ್ರಕ್ಕೆ ತಪ್ಪಲ್ಲ. ಯಾವ ಮೇಲನ್ನೂ ಆರಿಸದೇ ಇದ್ದಾಗ ‘ರಿಪ್ಲೈ’ ಬೂದಾಗಿರಲೇಬೇಕು, ಅಲ್ವಾ? ಆದರೆ ರೈಟ್ ಕ್ಲಿಕ್‌ನಲ್ಲಿ ಆಗುವ ಕೆಲಸ ಮೇಲಿನ ಮೆನುವಿನಲ್ಲಿ ಆಗಲ್ಲ ಅಂದರೆ, ಆ ಕೆಲಸಕ್ಕೆ ಅಡ್ಡಿಯೇನೂ ಇಲ್ಲ, ಮೆನುವಿನ ಲೆಕ್ಕವೇ ತಪ್ಪಿದೆ. ಈ ಸಾಕ್ಷಿ ನಿಮ್ಮ ಕೈಯಲ್ಲಿತ್ತು. ನೀವು ಅದನ್ನು ಬಿಟ್ಟು ‘ಸಾಫ್ಟ್‌ವೇರ್ ಕೈಕೊಟ್ಟಿತು’ ಅಂತ ಬರೆದಿರಿ. ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

ಇನ್ನೊಂದು. ಮೆನು ತೆರೆದಾಗ ಎಡಗಡೆ ಏನನ್ನು ಆರಿಸಿದ್ದಿರಿ? ಇನ್‌ಬಾಕ್ಸಾ, ಖಾತೆಯ ಹೆಸರಾ, ಹುಡುಕಿದ ಮೇಲ್‌ಗಳ ಪಟ್ಟಿಯಾ? ಯಾವ ಆಯ್ಕೆ ನಡೆಯಬೇಕು, ಯಾವುದು ನಡೆಯಬಾರದು ಅನ್ನುವುದನ್ನು ಪ್ರೋಗ್ರಾಂ ಸಾಮಾನ್ಯವಾಗಿ ಅದನ್ನು ನೋಡಿಯೇ ತೀರ್ಮಾನಿಸುತ್ತದೆ. ಕೆಲವು ಸಲ ನೀವು ಬೇರೆ ಫೋಲ್ಡರಿಗೆ ಹೋಗಿರುತ್ತೀರಿ, ಮೆನುವಿಗೆ ಆ ಸುದ್ದಿ ಮುಟ್ಟಿರುವುದಿಲ್ಲ, ಹಳೆಯ ತೀರ್ಮಾನವೇ ಉಳಿದಿರುತ್ತದೆ. ಒಂದೊಂದನ್ನೇ ಆರಿಸಿ ಮೆನು ತೆರೆದು ನೋಡಿ. ಪ್ರೋಗ್ರಾಂ ಮುಚ್ಚಿ ತೆರೆದ ಮೇಲೂ ನೋಡಿ. ಕಂಡದ್ದನ್ನು ಕಂಡ ಹಾಗೆ ಬರೆಯಿರಿ.

ಅಳಿಸಿದರೂ ಜಾಗ ಯಾಕೆ ಆಗಲಿಲ್ಲ ಅನ್ನುವುದನ್ನು ನೀವು ಹೇಳಲೇ ಇಲ್ಲ. ಶಿರಸಿ, ಕಾರವಾರದ ಕಡೆ ಹಳೇ ಕಂಪ್ಯೂಟರ್ ಇಟ್ಟುಕೊಂಡ ಆಫೀಸಿನವರಿಗೆ ಜಾಸ್ತಿ ಬೇಕಾದದ್ದು ಇದೇ. ಥಂಡರ್‌ಬರ್ಡ್‌ನಂಥ ಮೇಲ್ ಪ್ರೋಗ್ರಾಂಗಳು ಸಾಮಾನ್ಯವಾಗಿ ಒಂದು ಫೋಲ್ಡರಿನ ಎಲ್ಲ ಮೇಲ್‌ಗಳನ್ನು ಎಂಬಾಕ್ಸ್ ಅನ್ನುವ ಒಂದೇ ಉದ್ದನೆಯ ಕಡತದಲ್ಲಿ ಇಡುತ್ತವೆ. ಅಳಿಸಿದ ಮೇಲ್‌ಗೆ ಅಳಿಸಿದೆ ಅಂತ ಗುರುತು ಬೀಳುತ್ತದೆ ಅಷ್ಟೆ, ಕಡತದಲ್ಲಿ ಅದು ಹಾಗೇ ಇರುತ್ತದೆ. ಮೇಲಿಂದ ಟ್ರ್ಯಾಶ್‌ನಲ್ಲಿ ಅದರದೊಂದು ಪ್ರತಿ ಬೇರೆ. ಹಾಗಾಗಿ ಅಳಿಸಿದ ತಕ್ಷಣ ಜಾಗ ಇನ್ನೂ ಕಡಿಮೆ ಆಗಬಹುದು! ಕಾಂಪ್ಯಾಕ್ಟ್ ಮಾಡಿದಾಗ ಉಳಿದ ಮೇಲ್‌ಗಳನ್ನು ಮಾತ್ರ ಇಟ್ಟುಕೊಂಡು ಕಡತವನ್ನು ಹೊಸದಾಗಿ ಬರೆಯಲಾಗುತ್ತದೆ, ಆಗ ಜಾಗ ಸಿಗುತ್ತದೆ. ಇಷ್ಟು ಗೊತ್ತಾದರೆ ಆ ಬೂದು ಸಾಲು ಎಷ್ಟು ದೊಡ್ಡ ತೊಂದರೆ ಅಂತ ಓದುವವರಿಗೆ ತಾನಾಗಿ ಅರ್ಥವಾಗುತ್ತದೆ. ಕಾಂಪ್ಯಾಕ್ಟ್ ಮಾಡುವ ಮೊದಲು ಮೇಲ್‌ಗಳ ಬ್ಯಾಕಪ್ ತೆಗೆದಿಡಿ ಅನ್ನುವ ಮಾತೂ ಇರಲಿ.

ಪ್ರೋಗ್ರಾಂ ಬರೆದವರನ್ನು ಬೈದ ಪ್ಯಾರಾ ಬೇಡ. ಅವರೂ ಓದಿ ಸರಿಮಾಡುವ ಹಾಗೆ ವರ್ಷನ್ ಸಂಖ್ಯೆ ಹಾಕಿ, ಯಾವ ವಿಂಡೋಸ್ ಅಂತಲೂ ಹೇಳಿ. ಮೆನು ತೆರೆದಿರುವ ಒಂದು ಸ್ಕ್ರೀನ್‌ಶಾಟ್ ಜೊತೆಗಿರಲಿ. ಅದರಲ್ಲಿ ಸೊಸೈಟಿ ಸದಸ್ಯರ ಹೆಸರು, ವಿಳಾಸ ಕಾಣದ ಹಾಗೆ ಮುಚ್ಚಿ ಕಳಿಸಿ.