ಓದುಗರ ಪ್ರಶ್ನೆ: ಮೌನವೇ ಸಮ್ಮತಿಯಾದ ಕಾಲ

ಪ್ರಶ್ನೆ: 1986ರಲ್ಲಿ ಸಾರ್ಕ್ (ದಕ್ಷಿಣ ಏಷ್ಯಾ ದೇಶಗಳ ಒಕ್ಕೂಟ) ನಾಯಕರು ನಮ್ಮ ನಂದಿಬೆಟ್ಟಕ್ಕೆ ಬಂದಿದ್ದರೆಂದು ಹಿರಿಯರು ಹೇಳುತ್ತಾರೆ. ಕೊರೊನಾ ಬಂದಾಗ ಅದೇ ದೇಶಗಳು ವಿಡಿಯೊದಲ್ಲೇ ಸಭೆ ಮುಗಿಸಿದವು. ಹಾಗಿದ್ದರೆ ಇಷ್ಟು ಖರ್ಚು ಮಾಡಿ ಒಂದೆಡೆ ಸೇರುವುದು ಯಾಕೆ?
– ಓದುಗರೊಬ್ಬರು, ಚಿಕ್ಕಬಳ್ಳಾಪುರ

ಉತ್ತರ: ವಿಡಿಯೊದಲ್ಲಿ ಏನಾಯಿತು ಎಂಬುದನ್ನು ಮೊದಲು ನೋಡಿ. 2020ರ ಮಾರ್ಚ್ 15ರ ಆ ಸಭೆಯಲ್ಲಿ ತುರ್ತು ನಿಧಿಯೊಂದರ ಪ್ರಸ್ತಾಪ ಬಂತು, ಅದಕ್ಕೆ 1 ಕೋಟಿ ಡಾಲರ್ ಕೊಡುವುದಾಗಿ ಭಾರತ ಹೇಳಿತು. ತನ್ನ ದುಡ್ಡು ತಾನು ಕೊಡುತ್ತೇನೆನ್ನಲು ಇನ್ನೊಬ್ಬರ ಒಪ್ಪಿಗೆ ಬೇಕಿಲ್ಲ. ಇಂಥದ್ದಕ್ಕೆ ಪರದೆ ಸಾಕು. 1986ರ ಬೆಂಗಳೂರು ಶೃಂಗಸಭೆಯಲ್ಲಿ ಸಾರ್ಕ್ ಸಚಿವಾಲಯ ಸ್ಥಾಪನೆಯ ಒಪ್ಪಂದಕ್ಕೆ ಸಹಿ ಬಿತ್ತು. ಅದು ಬೇರೆ ಜಾತಿಯ ಕೆಲಸ. ಸಾರ್ಕ್ ಸನ್ನದಿನ ಪ್ರಕಾರ ಪ್ರತಿ ನಿರ್ಧಾರವೂ ಸರ್ವಾನುಮತದಿಂದಲೇ ಆಗಬೇಕು.

ಒಮ್ಮತ ಹುಟ್ಟುವುದು ಸಭಾಂಗಣದಲ್ಲಲ್ಲ, ಮೊಗಸಾಲೆಯಲ್ಲಿ. “ಈ ಪದ ಬಿಟ್ಟರೆ ಆ ಪ್ಯಾರಾ ಒಪ್ಪುತ್ತೀರಾ?” ಎಂದು ಅಧಿಕಾರಿಯೊಬ್ಬರು ಪಕ್ಕದವರನ್ನು ಮೆಲ್ಲಗೆ ಕೇಳಬಹುದು. ಆಗಲ್ಲವೆಂದರೆ ಕೇಳಿಯೇ ಇಲ್ಲವೆಂಬಂತೆ ಹಿಂದೆ ಸರಿಯಬಹುದು. ದನದ ಜಾತ್ರೆಯಲ್ಲಿ ಟವೆಲಿನ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸುವುದೂ ಇದಕ್ಕೇ: ವ್ಯಾಪಾರ ಕುದುರುವ ತನಕ ಸುತ್ತ ನಿಂತವರಿಗೆ ಅಂಕಿ ತಿಳಿಯಬಾರದು. ಪರದೆಯ ಮೇಲೆ ಎಲ್ಲರೂ ಕೇಳಿಸಿಕೊಳ್ಳುತ್ತಾರೆ, ಮಾತು ದಾಖಲಾಗುವ ಭಯವೂ ಇರುತ್ತದೆ. ಹಾಗಾಗಿ ಪ್ರತಿಯೊಬ್ಬರೂ ರಾಜಧಾನಿಯಿಂದ ಬಂದ ಹೇಳಿಕೆಯನ್ನು ಓದಿ ಸುಮ್ಮನಾಗುತ್ತಾರೆ.

ವಿಶ್ವಸಂಸ್ಥೆಯ ಹವಾಮಾನ ಮಾತುಕತೆ 2021ರ ಮೇ 31ರಿಂದ ಜೂನ್ 17ರವರೆಗೆ ಆನ್‌ಲೈನ್‌ನಲ್ಲಿ ನಡೆಯಿತು. ಔಪಚಾರಿಕ ನಿರ್ಧಾರ ಒಂದೂ ಹೊರಬರಲಿಲ್ಲ, ಉಳಿದದ್ದು ಅನೌಪಚಾರಿಕ ಟಿಪ್ಪಣಿಗಳು. ಅದೇ ವರ್ಷ ನವೆಂಬರ್ 13ರಂದು, ಎಲ್ಲರೂ ಮುಖಾಮುಖಿ ಸೇರಿದ್ದ ಗ್ಲಾಸ್ಗೋ ಹವಾಮಾನ ಶೃಂಗಸಭೆಯಲ್ಲಿ ಏನಾಯಿತು ನೋಡಿ. ಕಲ್ಲಿದ್ದಲು ವಿದ್ಯುತ್ತನ್ನು ‘ಕೈಬಿಡುವುದು’ ಎಂದಿದ್ದ ವಾಕ್ಯ ಕೊನೆಯ ಗಳಿಗೆಯಲ್ಲಿ ‘ಕ್ರಮೇಣ ತಗ್ಗಿಸುವುದು’ ಎಂದಾಯಿತು. ಅದಕ್ಕೂ ಮುಂಚೆ ಭಾರತ, ಚೀನಾ, ಅಮೆರಿಕ, ಯುರೋಪಿನವರು ಸಭಾಂಗಣದಲ್ಲೇ ಗುಂಪುಗೂಡಿ ಮಾತಾಡಿಕೊಂಡಿದ್ದರು. ಸಣ್ಣ ದ್ವೀಪ ದೇಶಗಳಿಗೆ ಇದು ನೋವಿನ ಸಂಗತಿ, ಆ ನೋವು ನ್ಯಾಯವಾದದ್ದೇ. ಆದರೂ ಒಪ್ಪಂದ ಮುರಿಯಲಿಲ್ಲ.

ಪ್ರಶ್ನೆ: ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಕೊರೊನಾ ಕಾಲದಲ್ಲಿ ವಿಶ್ವಸಂಸ್ಥೆ ಬಳಸಿದ ‘ಮೌನ ವಿಧಾನ’ ಎಂದರೇನು? ಅದರಲ್ಲಿ ತೊಡಕೇನು?
– ವಿದ್ಯಾರ್ಥಿನಿ, ತುಮಕೂರು

ಉತ್ತರ: ಮಹಾಸಭೆ 2020ರ ಮಾರ್ಚ್ 27ರಂದು ಇದನ್ನು ಅಳವಡಿಸಿಕೊಂಡಿತು, ನಿರ್ಧಾರದ ಸಂಖ್ಯೆ 74/544. ಅಧ್ಯಕ್ಷರು ಕರಡನ್ನು ಎಲ್ಲ 193 ದೇಶಗಳಿಗೂ ಕಳಿಸುತ್ತಾರೆ, ಕನಿಷ್ಠ 72 ಗಂಟೆ ಗಡುವು ಕೊಡುತ್ತಾರೆ. ಅಷ್ಟರಲ್ಲಿ ಯಾರೂ ಆಕ್ಷೇಪಿಸದಿದ್ದರೆ ಕರಡು ಅಂಗೀಕಾರವಾದಂತೆ. ಒಂದು ದೇಶ ಬೇಡವೆಂದರೂ ಮೌನ ಮುರಿಯಿತು, ಕರಡು ಬಿತ್ತು.

ತೊಡಕು ಇರುವುದೇ ಇಲ್ಲಿ. ಸಾಮಾನ್ಯ ದಿನಗಳಲ್ಲಿ ಒಮ್ಮತ ಸಿಗದಿದ್ದರೆ ಮಹಾಸಭೆ ಮತಕ್ಕೆ ಹಾಕುತ್ತದೆ, ಬಹುಮತ ಗೆಲ್ಲುತ್ತದೆ. ಮೌನ ವಿಧಾನದಲ್ಲಿ ಮತದಾನವೇ ಇಲ್ಲ. ಭದ್ರತಾ ಮಂಡಳಿಯ ಐದು ಕಾಯಂ ಸದಸ್ಯ ದೇಶಗಳಿಗೆ ಮಾತ್ರ ಇದ್ದ ವೀಟೊ (ಒಬ್ಬರೇ ನಿರ್ಧಾರ ತಡೆಯುವ ಅಧಿಕಾರ) ಇಲ್ಲಿ 193 ದೇಶಗಳ ಕೈಗೂ ಬಂದಂತಾಯಿತು. ಜಾಗತಿಕ ಒಗ್ಗಟ್ಟಿನ 74/270 ನಿರ್ಣಯ ಏಪ್ರಿಲ್ 2ರಂದು ದಾಟಿತು. ಅದೇ ಹೊತ್ತಿಗೆ ರಷ್ಯಾ ತಂದ ಕರಡು ಆಕ್ಷೇಪಕ್ಕೆ ಸಿಕ್ಕಿ ಬಿತ್ತು. ವಿಶ್ವಸಂಸ್ಥೆಯ 75ನೇ ವರ್ಷದ ಘೋಷಣೆಯಲ್ಲಿ ‘ಸಮಾನ ಭವಿಷ್ಯದ ನಮ್ಮೆಲ್ಲರ ನೋಟ’ ಎಂಬರ್ಥದ ನುಡಿಗಟ್ಟಿತ್ತು. ಅದು ಚೀನಾದ ಘೋಷವಾಕ್ಯವನ್ನು ಹೋಲುತ್ತದೆಂದು ಬ್ರಿಟನ್, ಅಮೆರಿಕ, ಭಾರತ ಮತ್ತಿತರ ದೇಶಗಳು ಮೌನ ಮುರಿದವು. ಪದ ಬದಲಾಯಿಸಿದ ಮೇಲಷ್ಟೇ ಒಪ್ಪಿಗೆ.

ಪರೀಕ್ಷೆಗೆ ಬೇಕಾಗುವ ಹೋಲಿಕೆ ಒಂದಿದೆ. 2020ರ ಸೆಪ್ಟೆಂಬರ್ 11ರಂದು, ಮತದಾನ ಮರಳಿದ ಮೇಲೆ, ಕೋವಿಡ್ ಕುರಿತ ಸಮಗ್ರ ನಿರ್ಣಯ 169–2 ಮತಗಳಿಂದ ಗೆದ್ದಿತು. ವಿರೋಧಿಸಿದವು ಅಮೆರಿಕ ಮತ್ತು ಇಸ್ರೇಲ್. ಮೌನ ವಿಧಾನ ಮುಂದುವರಿದಿದ್ದರೆ ಅವೆರಡರಲ್ಲಿ ಒಂದರ ಪತ್ರ ಸಾಕಿತ್ತು ಅದನ್ನು ತಡೆಯಲು.

ಭದ್ರತಾ ಮಂಡಳಿಯದ್ದು ಬೇರೆ ಕ್ರಮ, ಎರಡನ್ನೂ ಬೆರೆಸಬೇಡಿ. ಅಲ್ಲಿ ಸದಸ್ಯರು 24 ಗಂಟೆಯೊಳಗೆ ಪತ್ರದ ಮೂಲಕ ಮತ ಕಳಿಸುತ್ತಿದ್ದರು, ಫಲಿತಾಂಶವನ್ನು ವಿಡಿಯೊ ಸಭೆಯಲ್ಲಿ ಪ್ರಕಟಿಸುತ್ತಿದ್ದರು. ಆ ವಿಡಿಯೊ ಸಭೆಗಳು ಔಪಚಾರಿಕ ಸಭೆಗಳಾಗಿ ಲೆಕ್ಕಕ್ಕಿಲ್ಲ. ಶುರುವಿನಲ್ಲಿ ದುಭಾಷಿಗಳ ಸೌಲಭ್ಯವೂ ಇರಲಿಲ್ಲ. ಆದರೆ ತಡವಾದದ್ದಕ್ಕೆಲ್ಲ ತಂತ್ರಜ್ಞಾನವೇ ಕಾರಣವೆಂದು ಬರೆದರೆ ತಪ್ಪಾಗುತ್ತದೆ. ಮಹಾ ಕಾರ್ಯದರ್ಶಿ ಗುಟೆರಸ್ ಜಾಗತಿಕ ಕದನವಿರಾಮಕ್ಕೆ ಕರೆ ಕೊಟ್ಟದ್ದು ಮಾರ್ಚ್ 23ರಂದು. ಅದನ್ನು ಬೆಂಬಲಿಸುವ 2532ನೇ ನಿರ್ಣಯ ಬಂದದ್ದು ಜುಲೈ 1ರಂದು. ನೂರು ದಿನ! ವಿಶ್ವ ಆರೋಗ್ಯ ಸಂಸ್ಥೆಯ ಹೆಸರು ಬರಬೇಕೇ ಬೇಡವೇ ಎಂದು ಚೀನಾ, ಅಮೆರಿಕ ಜಗ್ಗಾಡಿದ್ದೇ ಕಾರಣ. ಆ ನೂರು ದಿನವೂ ಯುದ್ಧದ ನಡುವೆ ಸಿಕ್ಕವರು ಕಾಯಬೇಕಾಯಿತು. ಇದನ್ನು ಕ್ಷಮಿಸಲಾಗದು.

ಪ್ರಶ್ನೆ: ಆಗ ಭಾರತ ಭದ್ರತಾ ಮಂಡಳಿಗೆ ಆಯ್ಕೆಯಾಯಿತಲ್ಲ, ಆ ಚುನಾವಣೆಯೂ ಆನ್‌ಲೈನೇ?
– ಓದುಗರು, ಕೋಲಾರ

ಉತ್ತರ: ಇಲ್ಲ. ಮತ ಗುಪ್ತವಾಗಿರಬೇಕು, ಮೌನ ವಿಧಾನದಲ್ಲಿ ಅದು ಸಾಧ್ಯವಿಲ್ಲ. ಅದಕ್ಕೇ 2020ರ ಜೂನ್ 17ರಂದು ನ್ಯೂಯಾರ್ಕಿನ ಮಹಾಸಭೆಯ ಸಭಾಂಗಣದಲ್ಲಿ ಮತಪೆಟ್ಟಿಗೆ ಇಟ್ಟರು. ಎಲ್ಲರೂ ಒಟ್ಟಿಗೆ ಸೇರದಂತೆ ಪ್ರತಿನಿಧಿಗಳಿಗೆ ಬೇರೆ ಬೇರೆ ಸಮಯ ಗೊತ್ತುಮಾಡಿದ್ದರು; ಮಾಸ್ಕ್ ಹಾಕಿಕೊಂಡು ಬಂದು, ಚೀಟಿ ಹಾಕಿ ಹೋದರು. 192 ಮತಗಳಲ್ಲಿ ಭಾರತಕ್ಕೆ 184 ಬಂದವು.