ಒಲೆಗಿಂತ ಮೊದಲು ಅವರೆಕಾಳು

ಏಳು ವರ್ಷದ ಮಗಳು ಅಡುಗೆ ಕಲಿಯುತ್ತೇನೆಂದು ಹಟ ಹಿಡಿದಿದ್ದಾಳೆ, ಒಲೆಯ ಹತ್ತಿರ ಬಿಡಲು ಭಯವಾಗುತ್ತದೆ, ಯಾವುದರಿಂದ ಶುರು ಮಾಡಿಸಲಿ ಎಂದು ಕೇಳಿದ್ದೀರಿ. ನಿಮ್ಮಂತೆ ನಾನೂ ಕೋಲಾರದವಳು. ಈಗ ಅವರೆಕಾಯಿಯ ಕಾಲವಾದ್ದರಿಂದ ಹಿತಕಬೇಳೆಯಿಂದಲೇ ಶುರು ಮಾಡಿ ಎನ್ನುತ್ತೇನೆ. ಸುಲಿದ ಕಾಳನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಪಾತ್ರೆಯನ್ನು ಅವಳ ಮುಂದಿಟ್ಟು, ಹೆಬ್ಬೆರಳು ತೋರುಬೆರಳುಗಳ ನಡುವೆ ಮೆಲ್ಲಗೆ ಒತ್ತಿದರೆ ಬೇಳೆ ಸಿಪ್ಪೆಯಿಂದ ಪುಳಕ್ಕನೆ ಜಾರಿ ಬರುವುದನ್ನು ಒಮ್ಮೆ ತೋರಿಸಿದರೆ ಸಾಕು, ಕಾಳು ಮುಗಿಯುವವರೆಗೆ ಅವಳು ಏಳುವುದಿಲ್ಲ. ನನ್ನ ಮಗ ಐದು ವರ್ಷದವನಿದ್ದಾಗ ಹಿತಕಿದ ಬೇಳೆ ಗೋಡೆಗೆಲ್ಲ ಹಾರಿದರೂ ನಾನು ಗದರಲಿಲ್ಲ. ಅಂದು ಊಟಕ್ಕೆ ಕುಳಿತಾಗ ‘ಇದು ನನ್ನ ಬೇಳೆ’ ಎಂದು ಅಜ್ಜಿಗೆ ಹೇಳಿದ ಅವನ ಮುಖ ಇಂದಿಗೂ ಕಣ್ಣ ಮುಂದಿದೆ.

ಮುದ್ದೆಯ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಒಂದು ಲೋಟ ರಾಗಿಹಿಟ್ಟಿಗೆ ಎರಡು ಲೋಟ ನೀರು ಅಳೆಯುವುದು ಅವಳ ಕೆಲಸವಾಗಲಿ, ಕುದಿಯುವ ಎಸರಿನಲ್ಲಿ ಮುದ್ದೆಕೋಲು ಹಿಡಿದು ತಿರುವುವುದು ನಿಮ್ಮದು. ಹಿಟ್ಟು ಕೈಗೆ ಹಿಡಿಯುವಷ್ಟು ಆರಿದ ಮೇಲೆ ಒದ್ದೆ ಕೈಯಲ್ಲಿ ಪುಟ್ಟದೊಂದು ಮುದ್ದೆ ಕಟ್ಟಲು ಕೊಡಿ. ಅದು ಸೊಟ್ಟಗಿದ್ದರೂ ತಿದ್ದದೆ ನಿಮ್ಮ ತಟ್ಟೆಗೇ ಹಾಕಿಸಿಕೊಳ್ಳಿ.